ತರಬೇತಿ ಸಂಸ್ಥೆ ಮತ್ತು ಉದ್ಯೋಗದಾತರ ನಡುವೆ ಸಹಭಾಗಿತ್ವದ ಜಾಲ ಕಟ್ಟುವ ಬಗೆ: ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಕೈಪಿಡಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ವೃತ್ತಿ ತರಬೇತಿ ಕೊಡುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಸರ್ಕಾರಿ ಮತ್ತು ಖಾಸಗಿ ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ, ಹರಿಹರದಲ್ಲಿ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಚಿತ್ರದುರ್ಗದಲ್ಲಿ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಇದೆ. ಹಾಗೆಯೇ, ಕೆಲಸ ಬಲ್ಲ ಹುಡುಗರು ಸಿಗುತ್ತಿಲ್ಲ ಎಂದು ಹೇಳುವ ಗಿರಣಿ ಮಾಲೀಕರು, ವರ್ಕ್‌ಶಾಪ್ ಮಾಲೀಕರು, ಗಾರ್ಮೆಂಟ್ಸ್ ಘಟಕಗಳ ಮ್ಯಾನೇಜರುಗಳಿಗೂ ಕೊರತೆಯಿಲ್ಲ. ಇವರೆಲ್ಲ ಒಂದೇ ಊರಿನಲ್ಲಿದ್ದೂ ಒಬ್ಬರ ಬಾಗಿಲನ್ನು ಇನ್ನೊಬ್ಬರು ತುಳಿಯದಿರುವುದರಿಂದ ಫಿಟ್ಟರ್ ಪಾಸಾದ ಹುಡುಗ ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಾನೆ, ಇಲ್ಲಿನ ಗಿರಣಿ ಒಂದು ಮೋಟಾರಿನ ರಿಪೇರಿಗಾಗಿ ಎರಡು ದಿನ ನಿಲ್ಲುತ್ತದೆ. ಈ ಅಂತರವನ್ನು ತುಂಬುವ ಹೊಣೆ ಹೊತ್ತ ಪ್ರಾಂಶುಪಾಲರು, ಕಿರಿಯ ತರಬೇತಿ ಅಧಿಕಾರಿಗಳು, ಪ್ಲೇಸ್‌ಮೆಂಟ್ ನೋಡಿಕೊಳ್ಳುವವರು ಮತ್ತು ಆಸಕ್ತ ಉದ್ಯಮಿಗಳಿಗಾಗಿ ಈ ಬರಹ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸಹಭಾಗಿತ್ವವೆಂದ ಕೂಡಲೇ ಒಡಂಬಡಿಕೆ ಪತ್ರ, ಸಹಿ, ಫೋಟೊ ಎಂಬ ಕ್ರಮ ನಮ್ಮಲ್ಲಿ ರೂಢಿಯಾಗಿದೆ. ನನ್ನ ದೃಷ್ಟಿಯಲ್ಲಿ ಒಡಂಬಡಿಕೆ ಬರಬೇಕಾದದ್ದು ಕೊನೆಗೆ. ಒಂದು ಉದ್ಯಮದಲ್ಲಿ ಯಾವ ಕೆಲಸವನ್ನು ಯಾರು ಮಾಡುತ್ತಿದ್ದಾರೆ, ಯಾವ ಕೆಲಸ ಮಾಡಲು ಜನವಿಲ್ಲದೆ ನಿಲ್ಲುತ್ತಿದೆ ಎಂಬುದು ತರಬೇತಿ ಸಂಸ್ಥೆಗೆ ಗೊತ್ತಾಗಿ, ಆ ಕೆಲಸವನ್ನು ಕಲಿಸುವ ಒಂದು ಸಣ್ಣ ಪ್ರಯತ್ನ ನಡೆದು, ಅದರ ಫಲವನ್ನು ಮಾಲೀಕರು ಕಣ್ಣಾರೆ ಕಂಡ ನಂತರ ಬರೆದ ಒಡಂಬಡಿಕೆ ಮಾತ್ರ ಪ್ರಾಂಶುಪಾಲರ ವರ್ಗಾವಣೆಯ ನಂತರವೂ ಉಳಿಯುತ್ತದೆ.

ಸುತ್ತಲಿನ ಉದ್ಯಮಗಳನ್ನು ಅರಿಯುವುದು

ಮೊದಲ ಕೆಲಸ, ಸಂಸ್ಥೆಯಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಉದ್ಯಮಗಳ ಪಟ್ಟಿ ಮಾಡುವುದು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಹೆಸರುಗಳು ಸಿಗುತ್ತವೆ, ಆದರೆ ಅಷ್ಟಕ್ಕೇ ನಿಲ್ಲಬಾರದು. ಎಪಿಎಂಸಿ ಪ್ರಾಂಗಣದ ಸುತ್ತಲಿನ ಗಿರಣಿಗಳು, ಹೆದ್ದಾರಿ ಬದಿಯ ವಾಹನ ಸರ್ವಿಸ್ ಕೇಂದ್ರಗಳು, ಆಸ್ಪತ್ರೆಗಳ ವಿದ್ಯುತ್ ಮತ್ತು ಎಸಿ ನಿರ್ವಹಣಾ ವಿಭಾಗಗಳು, ಕಟ್ಟಡ ಗುತ್ತಿಗೆದಾರರು ಅನೇಕ ವೇಳೆ ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ನಮ್ಮ ಭಾಗದ ಉದ್ಯೋಗದ ಬಹುಪಾಲು ಇರುವುದು ಇಂಥ ಕಡೆಗಳಲ್ಲಿಯೇ.

ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಆ ದೊಡ್ಡ ಗಿರಣಿಗಳ ಕಾಲ ಮುಗಿದಿದೆ. ಈಗ ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು, ಮೆಕ್ಕೆಜೋಳದ ವಹಿವಾಟು, ಕರೂರು ಕೈಗಾರಿಕಾ ಪ್ರದೇಶದ ಘಟಕಗಳು ಮತ್ತು ಜವಳಿ ಪಾರ್ಕು, ವೈದ್ಯಕೀಯ ಹಾಗೂ ಶಿಕ್ಷಣ ಸಂಸ್ಥೆಗಳು ಕೆಲಸ ಕೊಡುತ್ತಿವೆ. ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ತಯಾರಿಸುತ್ತಿದ್ದ ಹರಿಹರದಲ್ಲಿ ಕಾರ್ಖಾನೆ ಮುಚ್ಚಿದರೂ ಯಂತ್ರಗೆಲಸದ ಅನುಭವ ಊರಿನಲ್ಲಿ ಉಳಿದಿದೆ. ತುಂಗಭದ್ರೆಯನ್ನು ದಾಟಿದರೆ ಸಿಗುವ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಇರುವುದು ಹಾವೇರಿ ಜಿಲ್ಲೆಯಲ್ಲಿ. ಜಿಲ್ಲೆಯ ಗಡಿ ಕಾಗದಪತ್ರಕ್ಕೆ ಮುಖ್ಯವೇ ಹೊರತು ಕೆಲಸಕ್ಕೆ ಹೋಗುವವನಿಗೆ ಹೊಳೆಯ ಮೇಲಿನ ಸೇತುವೆ ಸಾಕು, ಆದ್ದರಿಂದ ಪಟ್ಟಿ ಜಿಲ್ಲೆಯ ಅಂಚಿನಲ್ಲಿ ನಿಲ್ಲಬಾರದು. ಚಿತ್ರದುರ್ಗ ಜಿಲ್ಲೆಯ ಚಿತ್ರ ಬೇರೆ: ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಕಬ್ಬಿಣದ ಅದಿರಿನ ಗಣಿಗಳು, ಚಳ್ಳಕೆರೆಯ ಎಣ್ಣೆ ಗಿರಣಿಗಳು, ಭೀಮಸಮುದ್ರದ ಅಡಿಕೆ, ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳು, ಜೊತೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಮತ್ತು ಅದರ ಸುತ್ತಮುತ್ತ ಬಂದಿರುವ ಇತರ ವಿಜ್ಞಾನ ಸಂಸ್ಥೆಗಳು.

ದೊಡ್ಡ ಕಂಪನಿಯೊಂದರ ಹೆಸರು ಸಂಸ್ಥೆಯ ಫಲಕದಲ್ಲಿ ಇದ್ದರೆ ಪ್ರವೇಶಾತಿಗೆ ಅನುಕೂಲವಾದೀತು. ಆದರೂ ಜಾಲದ ಬುನಾದಿಯನ್ನು ಐದರಿಂದ ಐವತ್ತು ಜನ ದುಡಿಯುವ ಸ್ಥಳೀಯ ಉದ್ಯಮಗಳ ಮೇಲೆ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ನಿರ್ಧಾರ ತೆಗೆದುಕೊಳ್ಳುವ ಮಾಲೀಕರು ಎದುರಿಗೇ ಕೂತಿರುತ್ತಾರೆ, ಕಲಿತ ಹುಡುಗ ಒಂದು ವಾರದಲ್ಲಿ ಕಣ್ಣಿಗೆ ಬೀಳುತ್ತಾನೆ, ಮಾಲೀಕರಿಗೆ ಒಪ್ಪಿಗೆಯಾದರೆ ಪಕ್ಕದ ಗಿರಣಿಗೂ ಸುದ್ದಿ ಮುಟ್ಟುತ್ತದೆ.

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು

"ನಿಮ್ಮಲ್ಲಿ ಎಷ್ಟು ಹುದ್ದೆ ಖಾಲಿ ಇವೆ?" ಎಂದು ಕೇಳಿದರೆ "ಸದ್ಯಕ್ಕೆ ಏನೂ ಇಲ್ಲ ಸರ್, ಇದ್ದಾಗ ಹೇಳ್ತೀವಿ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸಣ್ಣ ಉದ್ಯಮದಲ್ಲಿ ಖಾಲಿ ಹುದ್ದೆ ಎಂಬ ಲೆಕ್ಕವೇ ಇರುವುದಿಲ್ಲ. ಅದರ ಬದಲು ಹೀಗೆ ಕೇಳಿ: ಕಳೆದ ಸುಗ್ಗಿಯಲ್ಲಿ ಯಾವ ಯಂತ್ರ ಕೆಟ್ಟು ನಿಂತಿತು? ಎಷ್ಟು ಹೊತ್ತು ನಿಂತಿತು? ರಿಪೇರಿಗೆ ಯಾರನ್ನು ಕರೆಸಿದಿರಿ, ಅವರು ಯಾವ ಊರಿನಿಂದ ಬಂದರು, ಎಷ್ಟು ಕೊಟ್ಟಿರಿ? ನಿಮ್ಮ ಹಳೆಯ ಮೇಸ್ತ್ರಿಗೆ ವಯಸ್ಸೆಷ್ಟು, ಅವರ ಕೈಕೆಳಗೆ ಯಾರು ಕಲಿಯುತ್ತಿದ್ದಾರೆ? ಇವಕ್ಕೆ ಉತ್ತರ ಹೇಳುತ್ತ ಮಾಲೀಕರು ಎದ್ದು ನಿಂತು "ಬನ್ನಿ, ತೋರಿಸ್ತೀನಿ" ಎನ್ನುತ್ತಾರೆ. ಅಲ್ಲಿಂದ ಮುಂದೆ ಮಾತಿಗಿಂತ ಕಣ್ಣಿಗೆ ಕೆಲಸ ಹೆಚ್ಚು. ಈ ಭೇಟಿಗೆ ಪ್ಲೇಸ್‌ಮೆಂಟ್ ಅಧಿಕಾರಿಯೊಬ್ಬರೇ ಹೋಗದೆ, ಆ ಟ್ರೇಡಿನ ಬೋಧಕರನ್ನು ತಪ್ಪದೆ ಜೊತೆಗೆ ಕರೆದೊಯ್ಯಬೇಕು; ಯಂತ್ರದ ಮುಂದೆ ನಿಂತಾಗ ಮೇಸ್ತ್ರಿಯ ಮಾತು ಅರ್ಥವಾಗುವುದು ಅವರಿಗೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅಕ್ಕಿ ಗಿರಣಿಯಲ್ಲಿ ಭತ್ತವನ್ನು ಒಂದು ಯಂತ್ರದಿಂದ ಇನ್ನೊಂದರ ತಲೆಗೆ ಎತ್ತುವುದು ಬಕೆಟ್ ಎಲಿವೇಟರ್. ಅದರ ಮೇಲ್ತುದಿಯ ಶಾಫ್ಟಿನ ಬೇರಿಂಗ್ ಸವೆದರೆ ಇಡೀ ಸಾಲು ನಿಲ್ಲುತ್ತದೆ. ಅನುಭವಿ ಮೇಸ್ತ್ರಿ ಸದ್ದು ಬದಲಾದದ್ದನ್ನು ಕೇಳಿಯೇ ಹೇಳುತ್ತಾರೆ. ಆಮೇಲಿನ ಕೆಲಸಕ್ಕೆ ಒಂದು ಕ್ರಮವಿದೆ: ಮೇನ್ ಸ್ವಿಚ್ ಆಫ್ ಮಾಡಿ ಬೇರೆಯವರು ಹಾಕದಂತೆ ಬೀಗ ಹಾಕುವುದು, ಬೆಲ್ಟಿನ ಬಿಗಿತ ಸಡಿಲಿಸುವುದು, ಸುತ್ತಿಗೆಯಿಂದ ಹೊಡೆಯದೆ ಪುಲ್ಲರ್ ಹಾಕಿ ಹಳೆಯ ಬೇರಿಂಗ್ ಎಳೆಯುವುದು, ಶಾಫ್ಟಿನಲ್ಲಿ ಗೀರು ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿ ಮೈಕ್ರೊಮೀಟರಿನಿಂದ ಅಳೆಯುವುದು, ಹೊಸದನ್ನು ಶಾಫ್ಟಿಗೆ ಏರಿಸುವಾಗ ಒತ್ತಡ ಒಳಬಳೆಯ ಮೇಲೆ ಮಾತ್ರ ಬೀಳುವಂತೆ ನೋಡಿಕೊಳ್ಳುವುದು, ಗ್ರೀಸನ್ನು ತುಂಬಿ ತುಳುಕುವಷ್ಟು ಹಾಕದೆ ಹದವಾಗಿ ಹಾಕುವುದು, ಬೆಲ್ಟು ಒಂದು ಬದಿಗೆ ಸರಿಯದಂತೆ ಹೊಂದಿಸುವುದು, ಕೈಯಿಂದ ತಿರುಗಿಸಿ ನೋಡಿದ ಮೇಲಷ್ಟೇ ವಿದ್ಯುತ್ ಕೊಡುವುದು. ಫಿಟ್ಟರ್ ಟ್ರೇಡಿನ ವಿದ್ಯಾರ್ಥಿ ಇವನ್ನೆಲ್ಲ ಬಿಡಿಬಿಡಿಯಾಗಿ, ಮೇಜಿನ ಮೇಲೆ, ಶುಭ್ರವಾದ ಬೇರಿಂಗ್ ಇಟ್ಟುಕೊಂಡು ಕಲಿತಿರುತ್ತಾನೆ. ತವುಡಿನ ಧೂಳು ಕೂತ, ಏಣಿಯ ಮೇಲೆ ನಿಂತು ಕೈ ಹಾಕಬೇಕಾದ ಜಾಗದಲ್ಲಿ, ಕೆಳಗೆ ಲಾರಿ ಕಾಯುತ್ತಿರುವಾಗ ಅದನ್ನೇ ಕ್ರಮ ತಪ್ಪದೆ ಮಾಡುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ಮಾಲೀಕರು "ಐಟಿಐ ಹುಡುಗರಿಗೆ ಏನೂ ಬರಲ್ಲ" ಎನ್ನುವುದರ ಹಿಂದಿರುವುದು ಬಹುಮಟ್ಟಿಗೆ ಈ ಅಂತರ. ಅದನ್ನು ತುಂಬಲು ಹೊಸ ಕೋರ್ಸು ಬೇಕಾಗಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಮೇಸ್ತ್ರಿಯ ಜೊತೆ ಕೆಲವು ದಿನ ಕಳೆದರೆ ಸಾಕು.

ಆದ್ದರಿಂದ ಭೇಟಿಗಳ ನಂತರ ಪ್ರತಿ ಟ್ರೇಡಿಗೆ, ಪ್ರತಿ ಬಗೆಯ ಉದ್ಯಮಕ್ಕೆ ಹತ್ತು ಕೆಲಸಗಳ ಒಂದು ಪಟ್ಟಿ ತಯಾರಿಸಿ. ಅಕ್ಕಿ ಗಿರಣಿಗೆ ಫಿಟ್ಟರ್‌ನ ಹತ್ತು ಕೆಲಸ, ಎಲೆಕ್ಟ್ರಿಷಿಯನ್‌ನ ಹತ್ತು ಕೆಲಸ. ಗಾರ್ಮೆಂಟ್ಸ್ ಘಟಕಕ್ಕೆ ಹೊಲಿಗೆ ಯಂತ್ರ ನಿರ್ವಹಣೆಯ ಹತ್ತು ಕೆಲಸ. ಪಟ್ಟಿಯನ್ನು ಮೇಸ್ತ್ರಿಗೆ ಓದಿ ಹೇಳಿ ತಿದ್ದಿಸಿ. ಬಳಸಿ ಬಿಸಾಡಿದ ಬೇರಿಂಗ್ ಹೌಸಿಂಗ್, ಸುಟ್ಟ ಮೋಟಾರು, ಸವೆದ ರಬ್ಬರ್ ರೋಲರ್ ಇದ್ದರೆ ಕೇಳಿ ಪಡೆದು ಸಂಸ್ಥೆಯ ವರ್ಕ್‌ಶಾಪಿಗೆ ತನ್ನಿ; ಗುಜರಿಗೆ ಹಾಕುವ ವಸ್ತುವನ್ನು ಕೊಡಲು ಯಾವ ಮಾಲೀಕರೂ ಹಿಂದೆಮುಂದೆ ನೋಡುವುದಿಲ್ಲ, ಮತ್ತು ಕೊಟ್ಟವರಿಗೆ ಸಂಸ್ಥೆಯ ಮೇಲೆ ಒಂದು ಬಗೆಯ ಅಕ್ಕರೆ ಶುರುವಾಗುತ್ತದೆ.

ಪಟ್ಟಿಯಲ್ಲಿ ಏನನ್ನು ಸೇರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಕುಸುಬಲಕ್ಕಿ ಗಿರಣಿಗಳಲ್ಲಿ ಬಾಯ್ಲರ್ ಇರುತ್ತದೆ; ಅದನ್ನು ನಡೆಸಲು ಕಾನೂನಿನ ಪ್ರಕಾರ ಅರ್ಹತಾ ಪತ್ರ ಪಡೆದವರೇ ಬೇಕು. ಗಾಳಿಯಂತ್ರದ ಗೋಪುರ ಹತ್ತುವುದಕ್ಕೆ ಎತ್ತರದ ಕೆಲಸದ ಸುರಕ್ಷತಾ ತರಬೇತಿ ಮೊದಲು ಆಗಿರಬೇಕು. ಅಪಾಯಕಾರಿ ಕೆಲಸಗಳಿಗೆ 18 ವರ್ಷ ತುಂಬದವರನ್ನು ಕಳಿಸುವಂತೆಯೇ ಇಲ್ಲ, ಮತ್ತು ಐಟಿಐ ಮೊದಲ ವರ್ಷದ ಅನೇಕ ಮಕ್ಕಳಿಗೆ 18 ಆಗಿರುವುದಿಲ್ಲ ಎಂಬುದನ್ನು ಮರೆಯಬಾರದು.

ವರ್ಷದ ಲೆಕ್ಕ

ತರಬೇತಿ ಸಂಸ್ಥೆಯ ವರ್ಷ ಆಗಸ್ಟಿನಲ್ಲಿ ಶುರುವಾಗುತ್ತದೆ. ಉದ್ಯಮದ ವರ್ಷ ಹಾಗಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರು ಭತ್ತ ನವೆಂಬರ್-ಡಿಸೆಂಬರ್ ಹೊತ್ತಿಗೆ, ಬೇಸಿಗೆ ಭತ್ತ ಏಪ್ರಿಲ್-ಮೇ ಹೊತ್ತಿಗೆ ಕಟಾವಿಗೆ ಬರುತ್ತದೆ. ಅದರ ಹಿಂದೆಯೇ ಗಿರಣಿಗಳಿಗೆ ಬಿಡುವಿಲ್ಲದ ದಿನಗಳು. ಆ ಸಮಯದಲ್ಲಿ ಹೋಗಿ ಕಲಿಸಿ ಎಂದು ಕೇಳಿದರೆ ಮೇಸ್ತ್ರಿಗೆ ತಲೆ ಎತ್ತಲೂ ಪುರಸೊತ್ತು ಇರುವುದಿಲ್ಲ. ಸುಗ್ಗಿಗೆ ಮುಂಚಿನ ವಾರಗಳಲ್ಲಿ ಯಂತ್ರಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸುವ ಕೆಲಸ ನಡೆಯುತ್ತದಲ್ಲ, ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಾಲೀಕರಿಗೂ ಆಗಲೇ ಹೆಚ್ಚಿನ ಕೈಗಳು ಬೇಕು. ಜಲಾಶಯದಲ್ಲಿ ನೀರು ಸಾಲದೆ ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡದ ವರ್ಷ ಈ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಅಚ್ಚುಕಟ್ಟಿನ ನೀರಿನ ಸುದ್ದಿಯನ್ನು ಪ್ಲೇಸ್‌ಮೆಂಟ್ ನೋಡಿಕೊಳ್ಳುವವರೂ ಓದಬೇಕು. ಚಳ್ಳಕೆರೆಯ ಎಣ್ಣೆ ಗಿರಣಿಗಳು ಶೇಂಗಾ ಬರುವ ಅಕ್ಟೋಬರ್-ನವೆಂಬರಿನ ನಂತರ ಭರಾಟೆಯಲ್ಲಿರುತ್ತವೆ. ಚಿತ್ರದುರ್ಗದ ಗುಡ್ಡಗಳಲ್ಲಿ ಜೋರು ಗಾಳಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗಾಳಿಯಂತ್ರಗಳ ನಿಗದಿತ ನಿರ್ವಹಣೆಯನ್ನು ಅದಕ್ಕೆ ಮುಂಚೆ, ಅಂದರೆ ಬೇಸಿಗೆಯಲ್ಲಿ, ಮುಗಿಸಿಕೊಳ್ಳಲು ನೋಡುತ್ತಾರೆ.

ಇದನ್ನು ಪಠ್ಯಕ್ರಮದೊಂದಿಗೆ ಜೋಡಿಸಲು ಈಗ ದಾರಿ ಇದೆ. 2022ರಲ್ಲಿ ಪರಿಷ್ಕರಿಸಿದ ಐಟಿಐ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆಗಳ ಬೋಧನೆಯ ಜೊತೆಗೆ 150 ಗಂಟೆಗಳ ಕೆಲಸದ ಸ್ಥಳದ ತರಬೇತಿಯನ್ನು ಕಡ್ಡಾಯ ಮಾಡಲಾಗಿದೆ. ಉದ್ಯಮ ಸಿಗದಿದ್ದಾಗ ಮಾತ್ರ ಗುಂಪು ಪ್ರಾಜೆಕ್ಟ್. ದಿನಕ್ಕೆ ಎಂಟು ಗಂಟೆಯಂತೆ ಇದು ಸುಮಾರು ಹತ್ತೊಂಬತ್ತು ದಿನ. ಈ ಹತ್ತೊಂಬತ್ತು ದಿನಗಳನ್ನು ಪರೀಕ್ಷೆಗೆ ಮುನ್ನ ಒಟ್ಟಿಗೆ ಮುಗಿಸಿಬಿಡುವ ಬದಲು, ಗಿರಣಿಯ ಓವರ್‌ಹಾಲ್ ನಡೆಯುವ ವಾರಗಳಿಗೆ ಹೊಂದಿಸಿ ಎರಡು ಕಂತಿನಲ್ಲಿ ಇಟ್ಟುಕೊಂಡರೆ, ಎರಡನೇ ಕಂತಿಗೆ ಹೋದಾಗ ಹುಡುಗನ ಹೆಸರು ಮೇಸ್ತ್ರಿಗೆ ನೆನಪಿರುತ್ತದೆ. ತಿಂಗಳುಗಟ್ಟಲೆ ಉದ್ಯಮದಲ್ಲಿಯೇ ಕಲಿಸಲು ಒಪ್ಪುವ ದೊಡ್ಡ ಘಟಕ ಸಿಕ್ಕರೆ, ಡಿಎಸ್‌ಟಿ ಎಂದು ಕರೆಯುವ, ಸಂಸ್ಥೆಯಲ್ಲಿ ಸ್ವಲ್ಪ ಕಾಲ, ಉದ್ಯಮದಲ್ಲಿ ಸ್ವಲ್ಪ ಕಾಲ ಕಲಿಸುವ ಜೋಡಿ ತರಬೇತಿ ಪದ್ಧತಿಗೆ ಆಗ ಮುಂದುವರಿಯಬಹುದು. ಮೊದಲ ಹೆಜ್ಜೆಯಲ್ಲೇ ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಬಿಡಿ ಸಂಬಂಧದಿಂದ ಜಾಲಕ್ಕೆ

ಒಂದು ಸಂಸ್ಥೆಗೆ ಒಂದು ಗಿರಣಿಯ ಪರಿಚಯವಿದ್ದರೆ ಅದು ಸಂಬಂಧವಷ್ಟೇ. ಜಾಲವಾಗಬೇಕಾದರೆ ಎರಡೂ ಕಡೆ ಜೋಡಣೆಯಾಗಬೇಕು.

ಉದ್ಯಮದ ಕಡೆ: ಎಂಟು ಜನ ದುಡಿಯುವ ವರ್ಕ್‌ಶಾಪು ಇಪ್ಪತ್ತು ಹುಡುಗರ ಬ್ಯಾಚನ್ನು ತೆಗೆದುಕೊಳ್ಳಲಾರದು, ಇಬ್ಬರನ್ನು ತೆಗೆದುಕೊಳ್ಳಬಲ್ಲದು. ಹತ್ತಿರಹತ್ತಿರ ಇರುವ ಹತ್ತು ವರ್ಕ್‌ಶಾಪುಗಳು ತಲಾ ಇಬ್ಬರಂತೆ ಹಂಚಿಕೊಂಡು, ವಾರ ಬಿಟ್ಟು ವಾರ ಅದಲುಬದಲು ಮಾಡಿದರೆ ಒಬ್ಬೊಬ್ಬ ಹುಡುಗನೂ ಟರ್ನಿಂಗ್, ವೆಲ್ಡಿಂಗ್, ಪಂಪ್ ರಿಪೇರಿ ಮೂರನ್ನೂ ನೋಡುತ್ತಾನೆ. ಇದನ್ನು ಒಬ್ಬೊಬ್ಬ ಮಾಲೀಕರ ಬಳಿ ಹೋಗಿ ಹೇಳುವುದಕ್ಕಿಂತ, ಗಿರಣಿ ಮಾಲೀಕರ ಸಂಘ, ಕೈಗಾರಿಕಾ ಪ್ರದೇಶದ ಸಂಘ, ಗ್ಯಾರೇಜ್ ಮಾಲೀಕರ ಸಂಘಗಳ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಕೇಳಿಕೊಂಡು ಹೇಳಬೇಕು. ಸಭೆಗೆ ಹೋಗುವ ಮುಂಚೆ ಸಂಘದಲ್ಲಿ ಮಾತಿಗೆ ಬೆಲೆಯಿರುವ ಒಬ್ಬಿಬ್ಬರು ಮಾಲೀಕರಲ್ಲಿ ಮೊದಲ ಪ್ರಯೋಗ ಮುಗಿದಿರಲಿ. ಆಗ ನೀವು ಹೇಳಬೇಕಾದ್ದನ್ನು ಅವರೇ ಹೇಳುತ್ತಾರೆ.

ತರಬೇತಿಯ ಕಡೆಯ ಜೋಡಣೆ ಇದಕ್ಕಿಂತ ಕಷ್ಟ, ಏಕೆಂದರೆ ಇಲ್ಲಿ ಪೈಪೋಟಿ ಇದೆ. ಒಂದೇ ಕಾರ್ಖಾನೆಯ ಗೇಟಿಗೆ ಒಂದೇ ತಿಂಗಳಲ್ಲಿ ಐದು ಸಂಸ್ಥೆಗಳ ಪ್ರತಿನಿಧಿಗಳು ಐದು ಬಗೆಯ ಅರ್ಜಿ ಹಿಡಿದು ಹೋದರೆ, ಎಚ್‌ಆರ್ ವಿಭಾಗದವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟು ಕಳಿಸುತ್ತಾರೆ. ಕಾರ್ಖಾನೆಯೊಂದಕ್ಕೆ ಒಂದು ಸಂಸ್ಥೆ ಮುಂದಾಳು ಎಂದು ನಿಗದಿ ಮಾಡಿಕೊಂಡು, ಬೇಡಿಕೆ ಬಂದಾಗ ಟ್ರೇಡಿನ ಪ್ರಕಾರ ಇತರ ಸಂಸ್ಥೆಗಳಿಗೂ ಹಂಚುವ ಒಪ್ಪಂದ ತಮ್ಮತಮ್ಮಲ್ಲಿ ಆಗಬೇಕು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಬಲ್ಲವರು ಬೇಕೆಂದರೆ ಜಿಟಿಟಿಸಿ, ಎಲೆಕ್ಟ್ರಿಷಿಯನ್ ಬೇಕೆಂದರೆ ಐಟಿಐ, ಸ್ವಂತ ದುಡಿಮೆ ಶುರು ಮಾಡಿ ಕಾರ್ಖಾನೆಯ ಸಣ್ಣ ಗುತ್ತಿಗೆ ಹಿಡಿಯಬಲ್ಲವರು ಬೇಕೆಂದರೆ ರುಡ್‌ಸೆಟ್ ಎಂದು ದಾರಿ ತೋರಿಸುವಷ್ಟು ಉದಾರತೆ ಬೇಕು. ತಾನು ಕೊಡಲಾರದ್ದನ್ನು ಬೇರೆಯವರಿಂದ ಕೊಡಿಸಿದ ಸಂಸ್ಥೆಯನ್ನೇ ಮಾಲೀಕರು ಮುಂದಿನ ಸಲ ಮೊದಲು ಕರೆಯುತ್ತಾರೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿಯ ಸಭೆಯನ್ನು ಈ ಹಂಚಿಕೆಗೆ ಅಧಿಕೃತ ಮುದ್ರೆ ಒತ್ತಿಸಲು ಬಳಸಿಕೊಳ್ಳಬಹುದು, ಆದರೆ ಹಂಚಿಕೆ ಅದಕ್ಕೆ ಮುಂಚೆಯೇ ಆಗಿರಬೇಕು.

ಅಪ್ರೆಂಟಿಸ್ ಕಾಯ್ದೆಯನ್ನು ಮಾಲೀಕರಿಗೆ ವಿವರಿಸುವುದು

ಕಲಿಕೆ ಮುಗಿಸಿದವರನ್ನು ಉದ್ಯಮದೊಳಗೆ ಸೇರಿಸಲು ಇರುವ ಗಟ್ಟಿ ದಾರಿ 1961ರ ಅಪ್ರೆಂಟಿಸ್ ಕಾಯ್ದೆ. ಅನೇಕ ಸಣ್ಣ ಮಾಲೀಕರಿಗೆ ಇದರ ಬಗ್ಗೆ ಇರುವುದು ಭಯ. ಅದನ್ನು ಹೋಗಲಾಡಿಸಲು ಬೇಕಾದ ಸಂಗತಿಗಳು ಇಷ್ಟು. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ, ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಜನ ದುಡಿಯುವ ಘಟಕ ತನ್ನ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇರುವ ಕಡೆ ಅದು ಐಚ್ಛಿಕ. ಅಂದರೆ 40 ಜನರ ಘಟಕ ಕನಿಷ್ಠ ಒಬ್ಬರನ್ನು ತೆಗೆದುಕೊಳ್ಳಬೇಕು, ಆರು ಜನರವರೆಗೆ ತೆಗೆದುಕೊಳ್ಳಬಹುದು. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ, ಆದ್ದರಿಂದ ಪಿಎಫ್, ಇಎಸ್‌ಐ ಕಟ್ಟಬೇಕಾಗಿಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಲವಂತವೂ ಸಾಮಾನ್ಯವಾಗಿ ಇಲ್ಲ. ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದೇ, ಮತ್ತು ಇದನ್ನು ಮುಚ್ಚಿಡದೆ ಮೊದಲ ದಿನವೇ ಹೇಳಬೇಕು.

ಶಿಷ್ಯವೇತನಕ್ಕೆ ಕನಿಷ್ಠ ಮಿತಿಯಿದೆ. 2019ರ ನಿಯಮಗಳಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ 7,000 ರೂ. ನಿಗದಿಯಾಗಿತ್ತು. ದರಗಳು ಪರಿಷ್ಕರಣೆಯಾಗುವುದರಿಂದ ಕರಾರು ಮಾಡುವ ದಿನ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಚಾಲ್ತಿಯ ದರ ನೋಡಿಕೊಳ್ಳಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂ. ಮಿತಿಗೆ ಒಳಪಟ್ಟು, ಭರಿಸುತ್ತದೆ. ಈಗ ಆ ಪಾಲು ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಬರುತ್ತದೆ. ನೋಂದಣಿ, ಕರಾರು, ಹಾಜರಾತಿ ಎಲ್ಲವೂ ಪೋರ್ಟಲ್‌ನಲ್ಲೇ. ಐದಾರು ಜನರ ವರ್ಕ್‌ಶಾಪಿನ ಮಾಲೀಕರಿಗೆ ಈ ಕೆಲಸವನ್ನು ಹೇಳಿಕೊಟ್ಟರೆ ಸಾಲದು, ಜೊತೆಗೆ ಕೂತು ಮಾಡಿಸಿಕೊಡಬೇಕು. ಸಂಸ್ಥೆಯ ಒಬ್ಬ ಸಿಬ್ಬಂದಿ ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಹಿಡಿದು ಕೈಗಾರಿಕಾ ಪ್ರದೇಶದಲ್ಲಿ ಒಂದು ಮಧ್ಯಾಹ್ನ ಕಳೆದರೆ ಅದರ ಫಲ ಹತ್ತು ವಿಚಾರ ಸಂಕಿರಣಗಳಿಗಿಂತ ಹೆಚ್ಚು.

ಒಡಂಬಡಿಕೆಯಲ್ಲಿ ಏನಿರಬೇಕು

ಎರಡು ಪುಟ ಸಾಕು, ಕನ್ನಡದಲ್ಲಿರಲಿ. ಸಹಿ ಹಾಕುವವರಿಗೂ ಮೇಸ್ತ್ರಿಗೂ ಓದಿದರೆ ತಿಳಿಯಬೇಕು. ಯಾವ ತಿಂಗಳಲ್ಲಿ ಎಷ್ಟು ವಿದ್ಯಾರ್ಥಿಗಳು, ಯಾವ ಹತ್ತು ಕೆಲಸಗಳು, ಕಲಿಸುವ ಮೇಸ್ತ್ರಿಯ ಹೆಸರು, ಸಂಸ್ಥೆಯ ಕಡೆಯಿಂದ ಭೇಟಿ ಕೊಡುವ ಬೋಧಕರ ಹೆಸರು, ಸುರಕ್ಷತಾ ಸಾಮಗ್ರಿ ಯಾರು ಕೊಡುತ್ತಾರೆ, ಗಾಯವಾದರೆ ಮೊದಲು ಯಾರಿಗೆ ಫೋನ್, ಊಟ ಮತ್ತು ಬಸ್ಸಿನ ಖರ್ಚು ಯಾರದ್ದು, ಯಾವ ಕೆಲಸಗಳನ್ನು ಹಚ್ಚಬಾರದು. ಮೂಟೆ ಹೊರುವುದು, ಅಂಗಳ ಗುಡಿಸುವುದು, ಮಾಲೀಕರ ಮನೆಗೆಲಸ ಇವು ಆ ಕೊನೆಯ ಪಟ್ಟಿಯಲ್ಲಿ ಸ್ಪಷ್ಟವಾಗಿ ಇರಲಿ. ಎರಡೂ ಕಡೆ ಒಬ್ಬರಲ್ಲ, ಇಬ್ಬರಿಬ್ಬರ ಹೆಸರಿರಲಿ. ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರು ಇರುತ್ತಾರೆ. ಕಲಿಸುವ ಮೇಸ್ತ್ರಿಗೆ ಸಂಸ್ಥೆಯಿಂದ ಒಂದು ಪ್ರಶಂಸಾಪತ್ರ, ವರ್ಷಕ್ಕೊಮ್ಮೆ ಅತಿಥಿ ಬೋಧಕರಾಗಿ ಆಹ್ವಾನ ಮತ್ತು ಅದಕ್ಕೆ ಗೌರವಧನ ಇದ್ದರೆ ಒಳ್ಳೆಯದು. ಮಾಲೀಕರು ಒಪ್ಪಿದರೂ ಮೇಸ್ತ್ರಿಗೆ ಮನಸ್ಸಿಲ್ಲದಿದ್ದರೆ ಹುಡುಗ ಹತ್ತೊಂಬತ್ತು ದಿನವೂ ಗೋಡೆಗೆ ಒರಗಿ ನಿಂತು ಬರುತ್ತಾನೆ. ಹೊಸ ಹುಡುಗ ಕೆಲಸ ಕಲಿತರೆ ತನ್ನ ಅನ್ನಕ್ಕೆ ಸಂಚಕಾರ ಎಂಬ ಅಳುಕು ಮೇಸ್ತ್ರಿಗೆ ಇರುವುದು ಸಹಜ, ಅದನ್ನು ಮಾಲೀಕರ ಸಮ್ಮುಖದಲ್ಲಿಯೇ ಮಾತಾಡಿ ಬಗೆಹರಿಸಬೇಕು.

ವಿದ್ಯಾರ್ಥಿನಿಯರ ವಿಷಯ

ಇದನ್ನು ಪ್ರತ್ಯೇಕವಾಗಿ ಹೇಳುವ ಅಗತ್ಯವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ, ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಬರುವ ಹುಡುಗಿಗೆ ಪ್ರಯಾಣದ ಖರ್ಚು ಈಗ ದೊಡ್ಡ ಅಡ್ಡಿಯಲ್ಲ. ಅಡ್ಡಿಯಾಗುವುದು ವೇಳೆ. ಘಟಕ ಬಿಡುವ ಹೊತ್ತಿಗೂ ಊರಿನ ಕೊನೆಯ ಬಸ್ಸಿಗೂ ತಾಳೆಯಾಗದಿದ್ದರೆ ತಂದೆತಾಯಿ ಎರಡನೇ ವಾರದಲ್ಲೇ ಬಿಡಿಸುತ್ತಾರೆ, ಮತ್ತು ಅವರನ್ನು ದೂರುವಂತಿಲ್ಲ. ಹಾಗಾಗಿ ವಿದ್ಯಾರ್ಥಿನಿಯರನ್ನು ಕಳಿಸುವ ಮುಂಚೆ ಬಸ್ಸಿನ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಮುಂಚೆ ಬಿಡುವ ಮಾತನ್ನು ಮ್ಯಾನೇಜರರಿಂದ ಪಡೆಯಿರಿ. ಪ್ರತ್ಯೇಕ ಶೌಚಾಲಯ ಇದೆಯೇ ಎಂಬುದನ್ನು ಕೇಳಿ ತಿಳಿದರೆ ಸಾಲದು, ಮಹಿಳಾ ಬೋಧಕರೊಬ್ಬರು ಹೋಗಿ ನೋಡಿ ಬರಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ, ಮತ್ತು ತರಬೇತಿಗೆ ಬಂದವರೂ ಅದರ ರಕ್ಷಣೆಯೊಳಗೆ ಬರುತ್ತಾರೆ. ಸಮಿತಿಯ ಸದಸ್ಯರ ಹೆಸರನ್ನು ಹುಡುಗಿಯರಿಗೆ ಮೊದಲ ದಿನವೇ ತಿಳಿಸಬೇಕು. ಮೊದಲ ತಂಡದಲ್ಲಿ ಒಬ್ಬಳನ್ನೇ ಕಳಿಸಬೇಡಿ. ಒಂದೇ ಊರಿನ, ಒಂದೇ ಬಸ್ಸಿನ ಇಬ್ಬರು ಮೂವರು ಒಟ್ಟಿಗಿದ್ದರೆ ಮನೆಯವರಿಗೂ ಧೈರ್ಯ.

ಖರ್ಚು

ಈ ಕೆಲಸಕ್ಕೆ ಹೆಚ್ಚು ಹಣ ಬೇಕಿಲ್ಲ, ಪೆಟ್ರೋಲು ಮತ್ತು ಒಬ್ಬರ ಸಮಯ ಬೇಕು. ಉಪಕರಣಗಳಿಗೆ ಹಣ ಬೇಕಾದಾಗ ಎರಡು ಮೂಲಗಳನ್ನು ನೋಡಬಹುದು. ಕಂಪನಿ ಕಾಯ್ದೆಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವೆಚ್ಚದಲ್ಲಿ ವೃತ್ತಿ ಕೌಶಲ್ಯ ಸೇರಿದೆ. ಗಣಿಗಾರಿಕೆಯಿರುವ ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯ ಆದ್ಯತೆಯ ವಿಷಯಗಳಲ್ಲಿ ಕೌಶಲ್ಯಾಭಿವೃದ್ಧಿಯೂ ಒಂದು. ಗಣಿಬಾಧಿತ ಹಳ್ಳಿಗಳ ಮಕ್ಕಳ ಪಟ್ಟಿ ಮತ್ತು ಮೇಲೆ ಹೇಳಿದ ಹತ್ತು ಕೆಲಸಗಳ ಪಟ್ಟಿ ಎರಡನ್ನೂ ಲಗತ್ತಿಸಿದ ಪ್ರಸ್ತಾವಕ್ಕೆ ಬೆಲೆ ಹೆಚ್ಚು.

ನಡೆಸಿಕೊಂಡು ಹೋಗುವುದು, ಅಳೆಯುವುದು, ಬಿಡುವುದು

ವಿದ್ಯಾರ್ಥಿ ಉದ್ಯಮದಲ್ಲಿರುವಾಗ ಬೋಧಕರು ವಾರಕ್ಕೊಮ್ಮೆಯಾದರೂ ಹೋಗಬೇಕು, ಮತ್ತು ಹೋದಾಗ ಕಚೇರಿಯಲ್ಲಿ ಕಾಫಿ ಕುಡಿದು ಬರದೆ ಹುಡುಗ ನಿಂತಿರುವ ಜಾಗಕ್ಕೆ ಹೋಗಬೇಕು. ಹುಡುಗನ ಡೈರಿಯಲ್ಲಿ ದಿನಕ್ಕೆ ಮೂರು ಸಾಲು ಸಾಕು: ಇಂದು ಏನು ಮಾಡಿದೆ, ಏನು ಮಾಡಲು ಬಿಡಲಿಲ್ಲ, ಏನು ತಿಳಿಯಲಿಲ್ಲ. ಎರಡನೇ ಸಾಲು ಸಂಸ್ಥೆಗೆ ತುಂಬ ಮುಖ್ಯ. ಒಂದೇ ಘಟಕದಲ್ಲಿ ಒಂದು ಕೆಲಸವನ್ನು ಯಾವ ಹುಡುಗನಿಗೂ ಮಾಡಲು ಬಿಡುತ್ತಿಲ್ಲವಾದರೆ ಅದನ್ನು ಮೊದಲು ಸಂಸ್ಥೆಯಲ್ಲೇ ಗಟ್ಟಿಯಾಗಿ ಕಲಿಸಿ ಕಳಿಸಬೇಕೆಂದು ಅರ್ಥ.

ಫಲವನ್ನು ಅಳೆಯಲು ಉದ್ಯೋಗ ಮೇಳದಲ್ಲಿ ಹಂಚಿದ ನೇಮಕಾತಿ ಪತ್ರಗಳ ಸಂಖ್ಯೆಯನ್ನು ನಂಬಬೇಡಿ. ಕೆಲಸಕ್ಕೆ ಸೇರಿದವರಲ್ಲಿ ಆರು ತಿಂಗಳ ನಂತರವೂ ಅಲ್ಲಿಯೇ ಇರುವವರೆಷ್ಟು, ಬಿಟ್ಟವರು ಏಕೆ ಬಿಟ್ಟರು, ಮುಂದಿನ ವರ್ಷ ಮಾಲೀಕರು ತಾವಾಗಿ ಫೋನ್ ಮಾಡಿ ಕೇಳಿದರೇ ಎಂಬ ಮೂರು ಪ್ರಶ್ನೆಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಉತ್ತರ ಬರೆದಿಟ್ಟರೆ ಜಾಲ ಗಟ್ಟಿಯಾಗಿದೆಯೇ ಇಲ್ಲವೇ ಎಂಬುದು ಯಾರಿಗಾದರೂ ಕಾಣುತ್ತದೆ. ಬಿಟ್ಟವರ ಕಾರಣಗಳನ್ನು ಮಾಲೀಕರಿಗೆ ಹೇಳುವಾಗ ಹುಡುಗರ ಹೆಸರು ಹೇಳದೆ, ವರ್ಷಕ್ಕೊಮ್ಮೆ, ಎದುರುಬದುರು ಕೂತು ಹೇಳಿ. ಸಂಬಳಕ್ಕಿಂತ ಮಾತಿನ ರೀತಿ ಮತ್ತು ಮಲಗಲು ಜಾಗದ ಕೊರತೆ ಕಾರಣವಾಗಿರುವುದು ಅಪರೂಪವಲ್ಲ. ಅವನ್ನು ಸರಿಪಡಿಸಲು ಮಾಲೀಕರಿಗೆ ಹೆಚ್ಚು ಖರ್ಚೂ ಬರುವುದಿಲ್ಲ.

ಕೆಲವು ಸಹಭಾಗಿತ್ವಗಳನ್ನು ಬಿಡಬೇಕಾಗುತ್ತದೆ. ಕಲಿಯಲು ಬಂದವರನ್ನು ಕಡಿಮೆ ಕೂಲಿಯ ಆಳುಗಳಂತೆ ದುಡಿಸುವ, ಶಿಷ್ಯವೇತನವನ್ನು ತಡೆಹಿಡಿಯುವ, ಸುರಕ್ಷತಾ ಲೋಪವನ್ನು ಎರಡು ಸಲ ಹೇಳಿದರೂ ತಿದ್ದಿಕೊಳ್ಳದ ಘಟಕಕ್ಕೆ ಮೂರನೆಯ ಬ್ಯಾಚು ಕಳಿಸಬಾರದು, ಆ ಘಟಕ ಎಷ್ಟೇ ದೊಡ್ಡದಿರಲಿ. ಆದರೆ ಬಿಡುವ ಮುಂಚೆ ಅಲ್ಲಿರುವವರ ಗತಿಯನ್ನು ನೋಡಬೇಕು. 150 ಗಂಟೆಗಳ ತರಬೇತಿಯಲ್ಲಿರುವ ವಿದ್ಯಾರ್ಥಿಗಳನ್ನು ಜಾಲದ ಇನ್ನೊಂದು ಘಟಕಕ್ಕೆ ಮರುದಿನವೇ ಸೇರಿಸಿ, ಕಳೆದ ಗಂಟೆಗಳ ಹಾಜರಾತಿಗೆ ಸಹಿ ಪಡೆದುಕೊಳ್ಳಿ. ಕರಾರಿನ ಮೇಲಿರುವ ಅಪ್ರೆಂಟಿಸ್ ಆಗಿದ್ದರೆ, ಮಾಲೀಕರು ಕರಾರು ಪೂರೈಸಲಾರದ ಸ್ಥಿತಿಯಲ್ಲಿ ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಒಪ್ಪಿಗೆ ಪಡೆದು ಉಳಿದ ಅವಧಿಯನ್ನು ಬೇರೊಬ್ಬ ಮಾಲೀಕರ ಬಳಿ ಮುಂದುವರಿಸಲು ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಮೂರೂ ಕಡೆಯವರ ಲಿಖಿತ ಒಪ್ಪಿಗೆ, ಅಲ್ಲಿಯವರೆಗಿನ ಹಾಜರಾತಿ ಮತ್ತು ಶಿಷ್ಯವೇತನದ ವಿವರ ಇವಿಷ್ಟನ್ನು ಸಿದ್ಧಮಾಡಿಕೊಂಡು ಅರ್ಜಿ ಹಾಕಿದರೆ ಹುಡುಗ ಕಲಿತ ತಿಂಗಳುಗಳು ವ್ಯರ್ಥವಾಗುವುದಿಲ್ಲ.